ಸಿಂಗಾಪುರದಲ್ಲಿ ತಿಂದ ಗಂಜಿ ಮೈಸೂರಲ್ಲಿ ಮಾಡೋದು ಹೇಗೆ?

ಸಾಸಿವೆ ಡಬ್ಬಿ (ಮೈಸೂರು)

ಮಗಳ ಬಾಣಂತನಕ್ಕೆ ಅಂತ ಸಿಂಗಾಪುರಕ್ಕೆ ಹೋಗಿ ಮೂರು ತಿಂಗಳು ಇದ್ದು ಹೋದ ವಾರ ಬಂದೆ. ಅವರ ಮನೆಯಿಂದ ಇಳಿದು ರಸ್ತೆ ದಾಟಿದರೆ ಹಾಕರ್ ಸೆಂಟರ್. ಅಂದ್ರೆ ಒಂದೇ ಸೂರಿನ ಕೆಳಗೆ ಸಾಲು ಸಾಲು ಪುಟ್ಟ ಅಂಗಡಿ, ಮಧ್ಯೆ ಮೇಜು ಕುರ್ಚಿ. ಅದರಲ್ಲಿ ಮೂಲೆಯದೊಂದು ಚೀನೀ ಸಸ್ಯಾಹಾರಿ ಅಂಗಡಿ. ಮೊದಲ ದಿನ ಅಳಿಯ ಅಲ್ಲಿಂದ ಗಂಜಿ ಕಟ್ಟಿಸಿಕೊಂಡು ಬಂದಾಗ ನನಗೆ ಒಳಗೊಳಗೇ ಬೇಜಾರು. ಬಾಣಂತಿಗಾದರೆ ಸರಿ, ನನಗ್ಯಾಕಪ್ಪಾ ರೋಗಿ ಊಟ ಅಂತ. ತಿಂದು ನೋಡಿದ ಮೇಲೆ ಮಾರನೇ ದಿನದಿಂದ ನಾನೇ ಡಬ್ಬಿ ಹಿಡಿದುಕೊಂಡು ಹೋಗೋಕೆ ಶುರು ಮಾಡಿದೆ.

ಅದರಲ್ಲಿ ಅಕ್ಕಿಕಾಳು ಅಂತ ಒಂದೂ ಕಾಣಲ್ಲ. ನೀರು ಬೇರೆ ಅನ್ನ ಬೇರೆ ಅನ್ನೋದೂ ಇಲ್ಲ. ಆಗ ತಾನೆ ಮಾಡಿದ ಹಾಲುಬಾಯಿ ಇನ್ನೂ ಗಟ್ಟಿಯಾಗೋ ಮುಂಚೆ ಇರುತ್ತಲ್ಲ, ಆ ನುಣುಪು. ಮೇಲೆ ಎಳೆ ಎಳೆಯಾಗಿ ಹೆಚ್ಚಿದ ಶುಂಠಿ, ಬೇಯಿಸಿದ ಕಡಲೆಕಾಯಿ ಬೀಜ, ಅಣಬೆ, ಬಿಳಿ ಮೆಣಸಿನ ಪುಡಿ, ಎಣ್ಣೆಯಲ್ಲಿ ಕರಿದ ಉದ್ದನೆಯ ಯಾವುದೋ ತಿಂಡಿಯ ಚೂರು.

ಊರಿಗೆ ಬಂದ ಮೇಲೆ ಮಾಡೋಣ ಅಂತ ಹೊರಟೆ. ಗಂಜಿ ಅಂದಮೇಲೆ ಕುಸುಬಲಕ್ಕಿನೇ ಬೇಕು ಅಂತ ಪಕ್ಕದ ಮನೆಯವರು ಹೇಳಿದ್ದಕ್ಕೆ ಎರಡು ಕೆಜಿ ತಂದೆ. ಎರಡೂವರೆ ಗಂಟೆ ಬೇಯಿಸಿದೆ. ಕಾಳು ಕಾಳಾಗೇ ನಿಂತಿತ್ತು, ನೀರು ನೀರಾಗೇ ಇತ್ತು, ಗ್ಯಾಸ್ ಮಾತ್ರ ಖರ್ಚಾಗಿತ್ತು. ಎಲ್ಲಿ ತಪ್ಪಿದೆ ಹೇಳಿ. ಹಾಗೇ ನೀವು ಯಾರಾದರೂ ಬೇರೆ ದೇಶಗಳ ಬೆಳಗಿನ ತಿಂಡಿ ಮನೆಯಲ್ಲಿ ಮಾಡಿದ್ದರೆ ಅದನ್ನೂ ಹೇಳಿ. ಮೊಟ್ಟೆ, ಮಾಂಸ ಇಲ್ಲದ್ದು. ಅತ್ತೆಗೆ 82 ವರ್ಷ, ಹಲ್ಲಿಲ್ಲ, ಶುಗರ್ ಇದೆ, ಬಾಯಿಚಪಲ ನನಗಿಂತ ಜಾಸ್ತಿ.

ಗಿರ್ಮಿಟ್ (ಹುಬ್ಬಳ್ಳಿ)

ಅಕ್ಕಾರ, ತಪ್ಪು ತಿಳಕೋಬ್ಯಾಡ್ರಿ. ನಮ್ಮ ಕಡೆ ಗಂಜಿ ಅಂದ್ರ ಎರಡ ಕೆಲಸಕ್ಕ. ಒಂದು ಜ್ವರ ಬಂದವ್ರಿಗೆ, ಇನ್ನೊಂದು ಧೋತರಕ್ಕ. ವಿಮಾನ ಹತ್ತಿ ಹೋಗಿ ಗಂಜಿ ಕಲತು ಬಂದ್ರಿ ಅಂದ್ರ ನಗು ಬರ್ತದ.

ಪುತ್ತೂರಿನವ (ಪುತ್ತೂರು)

ನಗುವುದು ಎಂತಕ್ಕೆ ಮಾರಾಯ್ರೆ? ನಮ್ಮಲ್ಲಿ ಬೆಳಿಗ್ಗೆ ತೋಟಕ್ಕೆ ಹೋಗುವ ಮೊದಲು ಕುಚ್ಚಲಕ್ಕಿ ಗಂಜಿ, ಒಂದು ತುಂಡು ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ, ಇಷ್ಟಾದರೆ ಮಧ್ಯಾಹ್ನ ಹನ್ನೆರಡರವರೆಗೆ ಹೊಟ್ಟೆ ಎಂತದೂ ಕೇಳುವುದಿಲ್ಲ. ಮೀನು ತಿನ್ನುವವರಿಗೆ ಒಣಮೀನಿನ ಚಟ್ನಿ ಉಂಟು. ಕೊಂಕಣಿಯವರು ಇದನ್ನೇ ಪೇಜ್ ಹೇಳುತ್ತಾರೆ. ಕರಾವಳಿಯಲ್ಲಿ ಗಂಜಿ ರೋಗಿಯ ಊಟ ಅಲ್ಲ, ಊಟವೇ.

ಆದರೆ ಅಕ್ಕ, ನಿಮ್ಮ ಪಕ್ಕದ ಮನೆಯವರು ಹೇಳಿದ್ದು ನಮ್ಮ ಗಂಜಿಗೆ. ನೀವು ಹೇಳುವ ಚೀನಾದ ಗಂಜಿಗೆ ಕುಚ್ಚಲಕ್ಕಿ ಆಗುವುದಿಲ್ಲ. ನಮ್ಮ ಗಂಜಿಯಲ್ಲಿ ಅಗುಳು ಇಡಿಯಾಗಿ ಇರಬೇಕು, ತಿಳಿ ಬೇರೆಯಾಗಿ ಕುಡಿಯಲಿಕ್ಕೆ ಸಿಗಬೇಕು. ನುಣ್ಣಗೆ ಮುದ್ದೆಯಾದರೆ ನನ್ನ ಅಮ್ಮ ಅದನ್ನು ಗಂಜಿ ಹೇಳುವುದಿಲ್ಲ, ಅನ್ನ ಹಾಳು ಮಾಡಿದೆ ಹೇಳುತ್ತಾರೆ.

ಅರ್ಧ ಚಮಚ (ಬೆಂಗಳೂರು)

ಪುತ್ತೂರಿನವರು ಹೇಳಿದ್ದು ಸರಿ, ಕಾರಣ ನಾನು ಸೇರಿಸ್ತೀನಿ. ಕುಸುಬಲಕ್ಕಿ ಮಾಡುವಾಗ ಭತ್ತವನ್ನು ಸಿಪ್ಪೆ ಸಮೇತ ನೆನೆಸಿ, ಬೇಯಿಸಿ, ಆಮೇಲೆ ಒಣಗಿಸ್ತಾರೆ. ಕಾಳಿನೊಳಗಿನ ಪಿಷ್ಟ ಅಲ್ಲೇ ಒಂದು ಸಲ ಬೆಂದು, ಒಣಗುವಾಗ ಬಿಗಿಯಾಗಿ ಕೂತುಬಿಡುತ್ತೆ. ಮತ್ತೆ ಎಷ್ಟು ಕುದಿಸಿದರೂ ಕಾಳು ಮೆತ್ತಗಾಗುತ್ತೆ, ಆದರೆ ಒಡೆದು ನೀರಲ್ಲಿ ಸುಲಭಕ್ಕೆ ಕರಗಲ್ಲ. ಅದಕ್ಕೇ ಕರಾವಳಿ ಗಂಜಿಯ ತಿಳಿ ಅಷ್ಟು ತಿಳಿಯಾಗಿರೋದು. ನಿಮಗೆ ಬೇಕಾದದ್ದು ಅದರ ಉಲ್ಟಾ. ಪಿಷ್ಟ ಪೂರ್ತಿ ನೀರಿಗೆ ಬಿಡಬೇಕು. ಅದಕ್ಕೆ ಕರಾವಳಿಯವರು ಬೆಳ್ತಿಗೆ ಅಂತಾರಲ್ಲ, ಆ ಸಾದಾ ಅಕ್ಕಿ. ಅದರಲ್ಲೂ ಹೊಸ ಅಕ್ಕಿ. ಅನ್ನಕ್ಕೆ ಹಳೇ ಅಕ್ಕಿ ಹುಡುಕೋ ನಾವು ಇದಕ್ಕೆ ಮಾತ್ರ ಹೊಸದನ್ನು ಹುಡುಕಬೇಕು. ನುಚ್ಚಕ್ಕಿ ಸಿಕ್ಕಿದರೆ ಇನ್ನೂ ವಾಸಿ. ಸಮಯವೂ ಕಮ್ಮಿ, ದುಡ್ಡೂ ಕಮ್ಮಿ.

ಶುಗರ್ ಇರೋರ ವಿಷಯ. ಕಾಳು ಒಡೆದು ಕರಗಿದಷ್ಟೂ ರಕ್ತದಲ್ಲಿ ಸಕ್ಕರೆ ಬೇಗ ಏರುತ್ತೆ. ಅತ್ತೆಯವರಿಗೆ ಸಣ್ಣ ಬಟ್ಟಲು ಕೊಡಿ, ಜೊತೆಗೆ ಕಡಲೆಕಾಯಿ ಬೀಜ, ಬೇಯಿಸಿದ ಹೆಸರುಕಾಳು ಧಾರಾಳವಾಗಿ ಹಾಕಿ. ದಿನಾ ಬೇಡ. ನೀವು ತಂದಿಟ್ಟ ಕುಸುಬಲಕ್ಕಿ ಅವರಿಗೇ ಆಗಲಿ, ಹಲ್ಲಿಲ್ಲದಿದ್ದರೂ ಚೆನ್ನಾಗಿ ಬೆಂದ ಅಗುಳು ತಿನ್ನೋಕಾಗುತ್ತೆ.

ಎಂಟನೇ ಮಹಡಿ (ಸಿಂಗಾಪುರ)

ಹನ್ನೆರಡು ವರ್ಷದಿಂದ ಇಲ್ಲಿದ್ದೀನಿ, ನನಗೂ ಮೊದಲು ಗಿರ್ಮಿಟ್ ಅವರ ನಗುವೇ ಇತ್ತು.

ಸಾಸಿವೆ ಡಬ್ಬಿ ಅಕ್ಕ ತಿಂದದ್ದು ಕ್ಯಾಂಟನೀಸ್, ಅಂದರೆ ದಕ್ಷಿಣ ಚೀನಾದ ಕ್ಯಾಂಟನ್ ಕಡೆಯ ಪದ್ಧತಿಯದ್ದು, ಹೆಸರು ಜೂಕ್. ಇಲ್ಲೇ ಟಿಯೋಚೂ ಅನ್ನೋ ಬೇರೆ ಚೀನೀ ಪಂಗಡದ ಜನರದ್ದು ಇನ್ನೊಂದಿದೆ. ಅದರಲ್ಲಿ ಅಗುಳು ಅಗುಳಾಗಿ, ನೀರು ತಿಳಿಯಾಗಿ ಇರುತ್ತೆ. ಸುತ್ತ ಏಳೆಂಟು ಸಣ್ಣ ತಟ್ಟೆಯಲ್ಲಿ ಉಪ್ಪಿನಕಾಯಿ, ಉಪ್ಪು ಹಾಕಿದ ಸೊಪ್ಪು, ಮೀನು ಇಟ್ಟುಕೊಂಡು ತಿಂತಾರೆ. ಪುತ್ತೂರಿನವರನ್ನು ಆ ಅಂಗಡಿ ಮುಂದೆ ಕೂರಿಸಿದರೆ ಅಮ್ಮನ ಮನೆಗೆ ಬಂದೆ ಅಂದ್ಕೋತಾರೆ.

ನಾನು ಮಾಡೋ ಕ್ರಮ ಹೇಳ್ತೀನಿ, ನಾಲ್ಕು ಜನಕ್ಕೆ. ಅರ್ಧ ಲೋಟ ಸೋನಾ ಮಸೂರಿ. ತೊಳೆದು ಪೂರ್ತಿ ಬಸಿದು, ಒಂದು ಚಮಚ ಎಣ್ಣೆ, ಅರ್ಧ ಚಮಚ ಉಪ್ಪು ಸವರಿ ಅರ್ಧ ಗಂಟೆ ಬಿಡಿ. ಪಾತ್ರೆಯಲ್ಲಿ ಐದು ಲೋಟ ನೀರು, ಅಂದರೆ ಅಕ್ಕಿಯ ಹತ್ತರಷ್ಟು, ಮರಳೋಕೆ ಶುರುವಾದ ಮೇಲೆ ಅಕ್ಕಿ ಹಾಕಿ. ತಣ್ಣೀರಲ್ಲಿ ಹಾಕಿದರೆ ತಳ ಹಿಡಿಯುತ್ತೆ. ಐದು ನಿಮಿಷ ಕೈಯಾಡಿಸಿ. ಆಮೇಲೆ ಸಣ್ಣ ಉರಿ, ಮುಚ್ಚಳ ಓರೆ. ಒಂದು ಗಂಟೆ ಇಪ್ಪತ್ತು ನಿಮಿಷ ಹಾಗೇ ಬಿಟ್ಟು ನಡುನಡುವೆ ತಳ ಕೆದಕಿ ನೋಡಿ. ನೀರು ಸಾಲದಿದ್ದರೆ ಬಿಸಿನೀರನ್ನೇ ಸೇರಿಸಿ. ಕೊನೆಯ ಹತ್ತು ನಿಮಿಷ ಒಂದೇ ದಿಕ್ಕಿಗೆ ಬಿಡದೆ ತಿರುವಬೇಕು, ನುಣುಪು ಬರೋದು ಅಲ್ಲೇ. ಕಡಲೆಕಾಯಿ ಬೀಜ ರಾತ್ರಿ ನೆನೆಸಿಟ್ಟು ಅಕ್ಕಿ ಜೊತೆಗೇ ಬೇಯಿಸಿ. ಒಣ ಅಣಬೆ ನೆನೆಸಿದ ನೀರು ಚೆಲ್ಲಬೇಡಿ, ಅದೇ ಇದರ ಸಾರ. ಮಾಂಸ ತಿನ್ನೋರು ಮೂಳೆ ಬೇಯಿಸಿದ ನೀರಲ್ಲಿ ಮಾಡ್ತಾರೆ, ಹೊರಗೆ ಎಲ್ಲೇ ತಿಂದರೂ ಇದೊಂದು ಕೇಳಿಕೊಂಡು ತಿನ್ನಿ.

ನೀವು ಹೋಗುತ್ತಿದ್ದಂಥ ಅಂಗಡಿಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರಲ್ಲ, ಗಮನಿಸಿದ್ರಾ? ಚೀನೀ ಬೌದ್ಧರ ಸಸ್ಯಾಹಾರದಲ್ಲಿ ಅವು ನಿಷಿದ್ಧ. ಏಕಾದಶಿ ಮಾಡೋ ನಮ್ಮಜ್ಜಿ ಬಂದಿದ್ದಾಗ ನಿಶ್ಚಿಂತೆಯಿಂದ ತಿಂದದ್ದು ಅಲ್ಲಿ ಮಾತ್ರ. ಏಕಾದಶಿ ದಿನ ಅಲ್ಲ ಬಿಡಿ, ಅಕ್ಕಿ ಆಗಲ್ಲವಲ್ಲ.

ಸಾಸಿವೆ ಡಬ್ಬಿ (ಮೈಸೂರು)

ಹೌದಲ್ಲ! ಮೂರು ತಿಂಗಳಲ್ಲಿ ಒಂದು ದಿನವೂ ಈರುಳ್ಳಿ ಬಾಯಿಗೆ ಸಿಗಲಿಲ್ಲ, ನನಗೆ ಹೊಳೆದೇ ಇರಲಿಲ್ಲ. ಒಂದೂವರೆ ಗಂಟೆ ಒಲೆ ಮುಂದೆ ನಿಲ್ಲೋದು ಬೆಳಿಗ್ಗೆ ಕಷ್ಟ. ಕುಕ್ಕರಲ್ಲಿ ಆಗಲ್ವಾ?

ಅರ್ಧ ಚಮಚ (ಬೆಂಗಳೂರು)

ಆಗುತ್ತೆ. ಆದರೆ ಕುಕ್ಕರಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಗಂಜಿ ನೊರೆ ಉಕ್ಕಿ ವಿಸಿಲ್ ತೂತಿಗೆ ಕಟ್ಟಿಕೊಂಡರೆ ಅಪಾಯ. ಇನ್ನೊಂದು ಉಪಾಯ ಇದೆ, ಅದಕ್ಕೆ ಕುಕ್ಕರೂ ಬೇಡ. ರಾತ್ರಿ ಅಕ್ಕಿ ತೊಳೆದು, ಬಸಿದು, ಡಬ್ಬಿಗೆ ಹಾಕಿ ಫ್ರೀಜರಲ್ಲಿಡಿ. ಕಾಳು ಹೀರಿದ ನೀರು ಹೆಪ್ಪುಗಟ್ಟುವಾಗ ಹಿಗ್ಗಿ ಕಾಳಿನ ಒಳಗೆಲ್ಲ ಬಿರುಕು ಬಿಡುತ್ತೆ. ಬೆಳಿಗ್ಗೆ ಆ ಕಲ್ಲಿನಂಥ ಅಕ್ಕಿಯನ್ನು ನೇರ ಮರಳೋ ನೀರಿಗೆ ಹಾಕಿ. ಇಪ್ಪತ್ತೈದು ನಿಮಿಷದಲ್ಲಿ ಒಡೆದು ಹೂವಾಗುತ್ತೆ.

ಗಿರ್ಮಿಟ್ (ಹುಬ್ಬಳ್ಳಿ)

ಅಕ್ಕಿ ಫ್ರೀಜರದಾಗ. ನಮ್ಮವ್ವ ಕೇಳಿದ್ರ ನನ್ನ ಧಾರವಾಡ ದವಾಖಾನಿಗೆ ಸೇರಸ್ತಾಳ.

ರೈಲು ತಪ್ಪಿದವಳು (ಯೊಕೊಹಾಮಾ)

ಗಿರ್ಮಿಟ್ ಅವರೇ, ನಿಮ್ಮ ಪಕ್ಷಕ್ಕೆ ಜಪಾನಿನಿಂದ ಒಂದು ಮತ. ಇಲ್ಲೂ ಗಂಜಿ, ಅಂದರೆ ಒಕಾಯು, ಬಹುಮಟ್ಟಿಗೆ ಜ್ವರದವರಿಗೆ, ಕೂಸುಗಳಿಗೆ, ಮುದುಕರಿಗೆ. ಆಸ್ಪತ್ರೆಯಲ್ಲಿ ಅದಕ್ಕೆ ದರ್ಜೆಗಳೇ ಇವೆ. ಅಕ್ಕಿ ಒಂದು ಪಾಲಿಗೆ ನೀರು ಐದು ಪಾಲಾದರೆ ಪೂರ್ತಿ ಗಂಜಿ, ಹತ್ತಾದರೆ ಐದಾಣೆ ಗಂಜಿ, ಇಪ್ಪತ್ತಾದರೆ ಮೂರಾಣೆ. ಆಣೆ ಲೆಕ್ಕ ನನ್ನದು, ಅವರು ಹತ್ತರಲ್ಲಿ ಎಷ್ಟು ಅಂತ ಎಣಿಸ್ತಾರೆ. ಹುಷಾರಾದ ಹಾಗೆ ರೋಗಿ ಮೂರರಿಂದ ಐದಕ್ಕೆ, ಐದರಿಂದ ಪೂರ್ತಿಗೆ ಬಡ್ತಿ ಪಡೀತಾನೆ.

ಆದರೆ ಜನವರಿ 7ಕ್ಕೆ ಆರೋಗ್ಯವಂತರೂ ತಿಂತಾರೆ. ಆವತ್ತು ಏಳು ಸೊಪ್ಪಿನ ಗಂಜಿ, ನಾನಾಕುಸಾ ಗಾಯು. ಟರ್ನಿಪ್ ಮತ್ತು ಮೂಲಂಗಿಯ ಎಳೆಸೊಪ್ಪು, ಜೊತೆಗೆ ಇನ್ನೂ ಐದು ಹೊಲದ ಸೊಪ್ಪು. ಹೊಸ ವರ್ಷದ ಹಬ್ಬದಲ್ಲಿ ಮಿತಿಮೀರಿ ತಿಂದ ಹೊಟ್ಟೆಗೆ ವಿಶ್ರಾಂತಿ ಅಂತ. ಏಳೂ ಸೊಪ್ಪನ್ನು ಒಂದೇ ಡಬ್ಬಿಯಲ್ಲಿ ಕಟ್ಟಿ ಅಂಗಡಿಯಲ್ಲಿ ಮಾರ್ತಾರೆ, ನಮ್ಮ ಯುಗಾದಿಗೆ ಮಾವಿನೆಲೆ, ಬೇವಿನ ಕಡ್ಡಿ ಕಟ್ಟಿ ಮಾರೋ ಹಾಗೆ. ನಾರಾ ಕಡೆ ಬೆಳಿಗ್ಗೆ ಹುರಿದ ಟೀ ಎಲೆಯ ಡಿಕಾಕ್ಷನ್ನಿನಲ್ಲಿ ಗಂಜಿ ಬೇಯಿಸೋ ರೂಢಿ ಇದೆ. ಅದು ರೋಗಿಗಲ್ಲ, ಮನೆಮಂದಿಗೆ. ನೋಡೋಕೆ ಕಂದು, ತಿಂದರೆ ಹೊಗೆಯ ಸುವಾಸನೆ.

ಮಾಡೋ ಕ್ರಮದಲ್ಲಿ ಮೇಲಿನವರಿಗೂ ನಮಗೂ ಜಗಳ ಇದೆ. ಒಕಾಯು ಕುದಿಯುವಾಗ ಸೌಟು ಆಡಿಸಬಾರದು. ತಿರುವಿದರೆ ಅಂಟಾಗುತ್ತೆ, ರುಚಿ ಕೆಟ್ಟಿತು ಅಂತಾರೆ. ಅಗುಳು ಅರಳಿರಬೇಕು, ಒಡೆದಿರಬಾರದು. ಮೇಲೆ ಒಂದು ಉಮೆಬೋಶಿ, ಉಪ್ಪಲ್ಲಿ ಹಾಕಿ ಒಣಗಿಸಿದ ಹುಳಿಹಣ್ಣು. ಮೊದಲ ಸಲ ತಿಂದಾಗ ಕಣ್ಣಲ್ಲಿ ನೀರು ಬಂತು, ಹುಳಿಗೆ ಅರ್ಧ, ಅಪ್ಪೆಮಿಡಿ ನೆನಪಿಗೆ ಅರ್ಧ.

ತಾಯ್ನಾಡ ಅಭಿಮಾನಿ (ತುಮಕೂರು)

ಇದೆಲ್ಲ ಅವರಿಗೆ ಕಲಿಸಿದ್ದೇ ನಾವು. ಇಂಗ್ಲಿಷಿನಲ್ಲೂ ಕಾಂಜಿ ಅಂತಲೇ ಹೇಳ್ತಾರೆ, ಅದು ನಮ್ಮ ಗಂಜಿ ಪದ. ಬೌದ್ಧ ಭಿಕ್ಷುಗಳ ಜೊತೆ ಇಲ್ಲಿಂದ ಹೋಗಿದ್ದು.

ಎಂಟನೇ ಮಹಡಿ (ಸಿಂಗಾಪುರ)

ಪದದ ಮಟ್ಟಿಗೆ ಸರಿ, ಪದಾರ್ಥದ ಮಟ್ಟಿಗೆ ಅಲ್ಲ. ಕಾಂಜಿ ಅನ್ನೋದು ದ್ರಾವಿಡ ಪದವೇ. ತಮಿಳಿನಲ್ಲಿ ಕಞ್ಜಿ, ನಮ್ಮಲ್ಲಿ ಗಂಜಿ. ಪೋರ್ಚುಗೀಸರು ಇಲ್ಲಿ ಕೇಳಿ ಎತ್ತಿಕೊಂಡು ಹೋದರು, ಅವರ ಮನೆಗಳಲ್ಲಿ ಇವತ್ತಿಗೂ ಅಕ್ಕಿ ಹಾಕಿದ ಕೋಳಿಸಾರಿಗೆ ಕಾಂಜಾ ಅಂತಾರೆ. ಇಂಗ್ಲಿಷಿನವರು ಆ ಪದವನ್ನೇ ಚೀನಾದ ಗಂಜಿಗೂ ಅಂಟಿಸಿದರು. ಚೀನಾದವರ ಬಾಯಲ್ಲಿ ಆ ಪದ ಇಲ್ಲ. ಉತ್ತರದವರಿಗೆ ಜೋ, ಕ್ಯಾಂಟನ್ನಿನವರಿಗೆ ಜೂಕ್, ಕೊರಿಯಾದಲ್ಲಿ ಜುಕ್, ಥಾಯ್ಲೆಂಡಿನಲ್ಲಿ ಜೋಕ್. ವಿಯೆಟ್ನಾಮಿನಲ್ಲಿ ಚಾವ್, ಇಂಡೋನೇಷ್ಯಾದಲ್ಲಿ ಬುಬುರ್, ಫಿಲಿಪ್ಪೀನ್ಸಿನಲ್ಲಿ ಲುಗಾವ್. ಅಕ್ಕಿ, ನೀರು, ಬೆಂಕಿ ಮೂರೂ ಇದ್ದ ಕಡೆ ಗಂಜಿ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ ಸ್ವಾಮಿ.

ಕಡಲಾಚೆ ಕಂಡವ (ಉಡುಪಿ)

ಕೊಲಂಬೊದಲ್ಲಿ ಐದು ವರ್ಷ ಹೋಟೆಲಿನ ಲೆಕ್ಕಪತ್ರ ನೋಡಿಕೊಂಡಿದ್ದೆ. ನನ್ನ ಮಟ್ಟಿಗೆ ಈ ಎಲ್ಲದರ ರಾಣಿ ಕೊಳ ಕೆಂದ. ಸಿಂಹಳದಲ್ಲಿ ಕೊಳ ಅಂದರೆ ಎಲೆ, ಕೆಂದ ಅಂದರೆ ಗಂಜಿ. ಬೆಳಿಗ್ಗೆ ಕಚೇರಿಗೆ ಹೋಗುವವರು ರಸ್ತೆ ಬದಿಯಲ್ಲಿ ನಿಂತು ಲೋಟದಲ್ಲಿ ಕುಡಿದು ಹೋಗುತ್ತಾರೆ. ಹಸಿರು ಅಂದರೆ ಹಸಿರು, ಬಣ್ಣ ನೋಡಿಯೇ ನಾನು ಒಂದು ತಿಂಗಳು ದೂರ ಉಳಿದಿದ್ದೆ.

ಮಾಡುವುದು ಸುಲಭ. ಒಂದು ಹಿಡಿ ಕೆಂಪಕ್ಕಿ, ನಾಲ್ಕು ಎಸಳು ಬೆಳ್ಳುಳ್ಳಿ, ಚೂರು ಶುಂಠಿ ಹಾಕಿ ತೆಳ್ಳಗೆ ಗಂಜಿ ಬೇಯಿಸಿ ಸ್ವಲ್ಪ ಮಸೆಯಿರಿ. ಸೊಪ್ಪು ಅರೆದು ಹಿಂಡಿ ರಸ ತೆಗೆದಿಡಿ. ಗಂಜಿಗೆ ತೆಂಗಿನಹಾಲು, ಉಪ್ಪು ಹಾಕಿ ಬಿಸಿ ಮಾಡಿ, ಕಟ್ಟಕಡೆಗೆ ಸೊಪ್ಪಿನ ರಸ ಸುರಿದು ಒಂದು ಕುದಿ ಬರುವಷ್ಟರಲ್ಲಿ ಇಳಿಸಿ. ಹೆಚ್ಚು ಕುದಿಸಿದರೆ ಹಸಿರು ಹೋಗಿ ಕೊಳದ ಪಾಚಿಯ ಬಣ್ಣ ಬರುತ್ತದೆ. ಸಿಹಿ ಒಳಗೆ ಹಾಕುವುದಿಲ್ಲ. ಒಂದು ತುಂಡು ಕಿತುಳ್ ಬೆಲ್ಲ ಬಾಯಲ್ಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುವುದು. ಅವರು ಹೆಚ್ಚಾಗಿ ಹಾಕುವ ಸೊಪ್ಪು ಗೊಟುಕೊಳ. ಅದು ಯಾವುದು ಗೊತ್ತೇ?

ತೋಟದಾಚೆ (ತೀರ್ಥಹಳ್ಳಿ)

ಒಂದೆಲಗ! ನಮ್ಮ ಬಚ್ಚಲು ನೀರು ಹರಿಯೋ ಕಡೆ ಕಾಲಿಡೋಕೆ ಜಾಗ ಇಲ್ಲದ ಹಾಗೆ ಬೆಳೆದಿರುತ್ತೆ. ನಾವು ತಂಬುಳಿ ಮಾಡ್ತೀವಿ, ಚಟ್ನಿ ಮಾಡ್ತೀವಿ, ಪರೀಕ್ಷೆ ಬಂತು ಅಂದರೆ ಮಕ್ಕಳ ಬಾಯಿಗೆ ಹಸಿಯಾಗಿ ತುರುಕ್ತೀವಿ. ಗಂಜಿಗೆ ಹಾಕೋದು ಮಾತ್ರ ತಲೆಗೇ ಹೋಗಿರಲಿಲ್ಲ. ನೀವು ಹೇಳಿದ ಕಿತುಳ್ ನಮ್ಮ ಬೈನೆ ಮರವೇ. ಇಲ್ಲಿ ಬೈನೆ ಅಂದರೆ ಜನಕ್ಕೆ ಕಳ್ಳಿನ ನೆನಪಾಗುತ್ತೆ, ಬೆಲ್ಲದ್ದಲ್ಲ. ಜೋನಿ ಬೆಲ್ಲ ನೆಕ್ಕಿಕೊಂಡು ಕುಡಿದರೆ ಆಗಬಹುದಾ?

ಕಡಲಾಚೆ ಕಂಡವ (ಉಡುಪಿ)

ಧಾರಾಳ. ಒಂದೆಲಗ ಇಲ್ಲದವರು ಕರಿಬೇವನ್ನೇ ಹಾಕಿ ಮಾಡಬಹುದು, ಅಲ್ಲಿಯೂ ಹಾಕುತ್ತಾರೆ. ಅವರದೇ ಇನ್ನೊಂದು ಕಿರಿಬತ್. ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನವನ್ನು ತಟ್ಟೆಗೆ ತಟ್ಟಿ ವಜ್ರಾಕಾರಕ್ಕೆ ಕತ್ತರಿಸುವುದು. ಏಪ್ರಿಲಿನ ಹೊಸ ವರ್ಷಕ್ಕೆ ಇದೇ ಬೇಕು, ತಿಂಗಳ ಮೊದಲ ದಿನವೂ ಎಷ್ಟೋ ಮನೆಗಳಲ್ಲಿ ಇದೇ ತಿಂಡಿ. ಜೊತೆಗೆ ಲುಣುಮಿರಿಸ್, ಕೆಂಪು ಮೆಣಸು, ಈರುಳ್ಳಿ, ಉಪ್ಪು ಜಜ್ಜಿ ನಿಂಬೆ ಹಿಂಡಿದ್ದು. ಉಳಿದವರು ಅದಕ್ಕೆ ಒಣಮೀನಿನ ಪುಡಿ ಸೇರಿಸುತ್ತಾರೆ, ನೀವು ಬಿಡಿ.

ಪುತ್ತೂರಿನವ (ಪುತ್ತೂರು)

ಸೊಪ್ಪಿನ ಗಂಜಿ ಹೇಳಿದಾಗ ಆಟಿ ಅಮಾವಾಸ್ಯೆ ನೆನಪಾಯಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ. ಕಹಿ ಅಂದರೆ ಅಂತಿಂಥ ಕಹಿ ಅಲ್ಲ. ಅದರ ಹಿಂದೆಯೇ ಮೆಂತೆ ಗಂಜಿ, ತೆಂಗಿನಹಾಲು, ಬೆಲ್ಲ ಹಾಕಿ. ಕಷಾಯದ ಉಷ್ಣಕ್ಕೆ ತಂಪು ಎಂದು. ಸಣ್ಣವನಿದ್ದಾಗ ಗಂಜಿಯ ಆಸೆಗೆ ಕಷಾಯ ಕುಡಿಯುತ್ತಿದ್ದೆ.

ಸಾಸಿವೆ ಡಬ್ಬಿ (ಮೈಸೂರು)

ನಮ್ಮ ಧನುರ್ಮಾಸದ ಹುಗ್ಗಿ ಯಾರೂ ಎತ್ತಲೇ ಇಲ್ಲವಲ್ಲ! ಸೂರ್ಯ ಹುಟ್ಟೋ ಮೊದಲೇ ದೇವರಿಗೆ ನೈವೇದ್ಯ ಆಗಬೇಕು. ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ತುಪ್ಪ. ಆ ಚಳಿಯಲ್ಲಿ ದೇವಸ್ಥಾನದ ಮುಂದೆ ದೊನ್ನೆ ಹಿಡಿದು ನಿಂತರೆ ಬೆರಳು ಸುಡುತ್ತೆ, ಆದರೂ ಬಿಡೋಕೆ ಮನಸ್ಸಾಗಲ್ಲ.

ಅರ್ಧ ಚಮಚ (ಬೆಂಗಳೂರು)

ಅಕ್ಕ, ನೀವು ಗೊತ್ತಿಲ್ಲದೇ ಒಂದು ಎಳೆ ಹಿಡಿದುಕೊಟ್ಟಿರಿ. ತಾರೀಖು ನೋಡಿ. ಧನುರ್ಮಾಸ ಅಂದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ. ಅದರೊಳಗೆ ಡಿಸೆಂಬರ್ 22ರ ಆಸುಪಾಸು, ವರ್ಷದ ಅತಿ ಚಿಕ್ಕ ಹಗಲಿನ ದಿನ, ಕೊರಿಯಾದವರು ಕೆಂಪು ಅವರೆಯಂಥ ಪುಟ್ಟ ಕಾಳಿನ ಗಂಜಿ ಮಾಡ್ತಾರೆ, ಪಾಟ್ ಜುಕ್ ಅಂತ. ಆ ಕೆಂಪಿಗೆ ಭೂತಪ್ರೇತ ಹತ್ತಿರ ಸುಳಿಯಲ್ಲ ಅನ್ನೋ ನಂಬಿಕೆ, ಬಾಗಿಲಿಗೂ ಚಿಮುಕಿಸ್ತಿದ್ದರಂತೆ. ಜನವರಿ 7ಕ್ಕೆ ಜಪಾನಿನ ಏಳು ಸೊಪ್ಪಿನ ಗಂಜಿ ಮೇಲೆ ಬಂತು. ಸಾಮಾನ್ಯವಾಗಿ ಜನವರಿಯಲ್ಲೇ ಬರೋದು ಚೀನಾದ ಲಾಬಾ, ಅವರ ಚಾಂದ್ರಮಾನದ ಹನ್ನೆರಡನೇ ತಿಂಗಳ ಎಂಟನೇ ದಿನ. ಅಕ್ಕಿ, ಕಾಳು, ಖರ್ಜೂರದಂಥ ಒಣಹಣ್ಣು, ತಾವರೆ ಬೀಜ ಎಲ್ಲ ಸೇರಿಸಿ ಗಂಜಿ ಬೇಯಿಸಿ ಬೌದ್ಧ ದೇವಾಲಯಗಳಲ್ಲಿ ಬೆಳಿಗ್ಗೆ ಹಂಚ್ತಾರೆ, ಜನ ಸಾಲಲ್ಲಿ ನಿಲ್ತಾರೆ. ಅವತ್ತು ಬುದ್ಧನಿಗೆ ಜ್ಞಾನೋದಯವಾದ ದಿನ ಅಂತ ಅವರ ಲೆಕ್ಕ, ಸುಜಾತೆ ಕೊಟ್ಟ ಪಾಯಸದ ಕಥೆಯನ್ನೂ ಅದಕ್ಕೇ ಜೋಡಿಸ್ತಾರೆ. ಪಂಚಾಂಗ ಬೇರೆ, ದೇವರು ಬೇರೆ, ಆದರೆ ಅದೇ ಚಳಿಯಲ್ಲಿ ಎಲ್ಲರ ಕೈಯಲ್ಲೂ ಬಿಸಿ ದೊನ್ನೆ. ಹೊಸ ಅಕ್ಕಿ ಮನೆಗೆ ಬಂದಿರೋ ಕಾಲ ಬೇರೆ, ಗಂಜಿಗೆ ಅದಕ್ಕಿಂತ ಒಳ್ಳೇ ಅಕ್ಕಿ ಇಲ್ಲ.

ಗಿರ್ಮಿಟ್ (ಹುಬ್ಬಳ್ಳಿ)

ಹುಗ್ಗಿ ಗಂಜಿ ಹೆಂಗ ಆಗ್ತದ್ರಿ? ನಮ್ಮಲ್ಲಿ ಹುಗ್ಗಿ ಅಂದ್ರ ಗೋದಿದು, ಬೆಲ್ಲ ಹಾಕಿದ್ದು, ಮದವಿ ಊಟದ್ದು.

ಪುತ್ತೂರಿನವ (ಪುತ್ತೂರು)

ಗಿರ್ಮಿಟ್ ಅವರೇ, ನಿಮ್ಮ ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಬೆಳಿಗ್ಗೆ ಕುಡಿಯುತ್ತೀರಲ್ಲ, ಅದು ಎಂತದು?

ಗಿರ್ಮಿಟ್ (ಹುಬ್ಬಳ್ಳಿ)

ಅದು ನುಚ್ಚು.

ಗಿರ್ಮಿಟ್ (ಹುಬ್ಬಳ್ಳಿ)

ಆತು ಬಿಡ್ರಿ, ಗಂಜಿನ. ಮನ್ಯಾಗ ಕೇಳಿದೆ, ನಮ್ಮವ್ವನೂ ನಿಮ್ಮ ಪಾರ್ಟಿ ಸೇರ್ಯಾಳ.

ನಿವೃತ್ತ ಸುಬೇದಾರ (ಹಾಸನ)

ಬೇಯಿಸೋ ಜಗಳವೇ ಬೇಡ ಅಂದ್ರೆ ಅಸ್ಸಾಮಿಗೆ ಹೋಗಬೇಕು ಕಣ್ರಪ್ಪ. ನಾನು ಅಲ್ಲಿ ಪೋಸ್ಟಿಂಗಲ್ಲಿದ್ದಾಗ ಹಳ್ಳಿಯವರು ಕೋಮಲ್ ಸಾವುಲ್ ಅಂತ ಅಕ್ಕಿ ಕೊಡೋರು. ನೀರಲ್ಲಿ ನೆನೆಸಿಟ್ಟರೆ ಸಾಕು, ಒಲೆ ಹಚ್ಚಂಗಿಲ್ಲ, ಅನ್ನ ಆಗಿರುತ್ತೆ. ಮೊದಲೇ ಕುಸುಬಿದ ಅಕ್ಕಿ, ಪಿಷ್ಟದ ಜಾತಿನೇ ಬೇರೆ. ಅದಕ್ಕೆ ಮೊಸರು, ಬೆಲ್ಲ ಕಲಸಿದರೆ ಬೆಳಗಿನ ಜಲ್‌ಪಾನ್. ಅದೇ ಥರದ್ದು ಬೋಕಾ ಸಾವುಲ್, 2018ರಲ್ಲಿ ಜಿಐ ಮಾನ್ಯತೆ, ಅಂದ್ರೆ ಆ ಸೀಮೆಯದೇ ಅನ್ನೋ ಗುರುತು ಸಿಕ್ತು. ಮನೆಗೆ ಎರಡು ಸೇರು ತಂದು ನಮ್ಮಾಕೆ ಮುಂದೆ ನೆನೆಸಿ ತೋರಿಸಿದೆ. ಅವಳು ಒಂದೇ ಮಾತು ಹೇಳಿದಳು, ಅವಲಕ್ಕಿ ಇದನ್ನೇ ಐದು ನಿಮಿಷಕ್ಕೆ ಮಾಡುತ್ತಲ್ಲ ಅಂತ. ಸರ್ವಿಸಲ್ಲಿ ಅಷ್ಟು ವರ್ಷ ನನ್ನ ಬಾಯಿ ಯಾರೂ ಹಾಗೆ ಮುಚ್ಚಿಸಿರಲಿಲ್ಲ.

ತೋಟದಾಚೆ (ತೀರ್ಥಹಳ್ಳಿ)

ಗಂಜಿ ಬಿಟ್ಟು ಬೇರೆ ತಿಂಡಿಯನ್ನೂ ಕೇಳಿದ್ರಲ್ಲ ಸಾಸಿವೆ ಡಬ್ಬಿ? ಎಂಟನೇ ಮಹಡಿಯವರೇ, ನನ್ನ ತಂಗಿ ಮಲೇಷ್ಯಾಕ್ಕೆ ಹೋಗಿದ್ದಾಗ ಒತ್ತು ಶಾವಿಗೆ ತಿಂದೆ ಅಂದಿದ್ದಳು. ಹೌದಾ?

ಎಂಟನೇ ಮಹಡಿ (ಸಿಂಗಾಪುರ)

ಹೌದು, ಪುಟು ಮಾಯಂ ಅಂತಾರೆ, ತಮಿಳರ ಜೊತೆ ಬಂದದ್ದು. ಹಸಿ ತೆಂಗಿನತುರಿ, ಕೆಂಪು ಸಕ್ಕರೆ ಹಾಕಿ ಕಾಗದದಲ್ಲಿ ಸುತ್ತಿಕೊಡ್ತಾರೆ. ನಿಮ್ಮ ಕಾಯಿಹಾಲಿನ ಮುಂದೆ ಒಣ ಒಣ. ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಯೇ 2024ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಾಸಿ ಲೆಮಾಕ್ ಅನ್ನೋ ತೆಂಗಿನಹಾಲಿನ ಅನ್ನ, ರೋಟಿ ಚನಾಯ್ ಅನ್ನೋ ಪರೋಟ, ತೆ ತಾರಿಕ್ ಅನ್ನೋ ಎತ್ತಿ ಹುಯ್ದ ಹಾಲಿನ ಟೀ ಎಲ್ಲ ಅದರಲ್ಲಿವೆ. ಮಲಯಾದವರ ಅನ್ನ, ನಮ್ಮ ಕಡೆಯ ಮುಸಲ್ಮಾನರು ಒಯ್ದ ಪರೋಟ, ಎಲ್ಲ ಒಂದೇ ಮೇಜಿನ ಮೇಲೆ.

ಮನೆಯಲ್ಲಿ ಮಾಡಿ ನೋಡಿ ಅಂತ ನಾನು ಧೈರ್ಯವಾಗಿ ಹೇಳೋದು ವಿಯೆಟ್ನಾಮಿನ ಬಾನ್ ಕುವೊನ್. ಕುದಿಯೋ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆ ಮೇಲೆ ತೆಳ್ಳನೆಯ ಅಕ್ಕಿಹಿಟ್ಟು ಹರಡಿ ಹಬೆಯಲ್ಲಿ ಬೇಯಿಸೋದು. ಒಳಗೆ ಹಂದಿಮಾಂಸ ಇಡ್ತಾರೆ, ನಾವು ಅಣಬೆ, ಕ್ಯಾರೆಟ್ ಹುರಿದಿಟ್ಟರಾಯಿತು. ನೀರುದೋಸೆ ಬರೋರಿಗೆ ಇದು ಅರ್ಧ ಬಂದ ಹಾಗೆ. ಕಾವಲಿಗೆ ಹುಯ್ದು ಮುಚ್ಚಿಟ್ಟರೆ ಅದೇ ಹಬೆ. ವ್ಯತ್ಯಾಸ ಒಂದೇ. ಅವರು ಮರಗೆಣಸಿನ ಹಿಟ್ಟು ಬೆರೆಸ್ತಾರೆ, ಎರಡು ಪಾಲು ಅಕ್ಕಿಹಿಟ್ಟಿಗೆ ಒಂದು ಪಾಲು, ಅದಕ್ಕೇ ಸುರುಳಿ ಸುತ್ತಿದರೆ ಹರಿಯಲ್ಲ. ಕಾವಲಿ ಚುರ್ರ್ ಅನ್ನಬಾರದು, ತೂತು ಬಿದ್ದರೆ ಅದು ನೀರುದೋಸೆಯೇ.

ಪುತ್ತೂರಿನವ (ಪುತ್ತೂರು)

ತೂತು ಇಲ್ಲದ ನೀರುದೋಸೆಯನ್ನು ನಮ್ಮಲ್ಲಿ ಸೊಸೆ ಮಾಡಿದರೆ ಮಾತಾಡುತ್ತಾರೆ. ಅಲ್ಲಿ ಅದಕ್ಕೆ ಬೆಲೆ. ಲೋಕ!

ಸಾಸಿವೆ ಡಬ್ಬಿ (ಮೈಸೂರು)

ನಾಲ್ಕು ದಿನ ಬಿಟ್ಟು ಬಂದೆ, ವರದಿ ಒಪ್ಪಿಸ್ತೀನಿ.

ಮೊದಲ ಸಲ ಕುಕ್ಕರ್. ಮೂರನೇ ಒಂದು ಭಾಗ ಅಂದಿದ್ದನ್ನು ಓದಿದ್ದೆ, ಆದರೂ ಕೈ ಕೇಳಬೇಕಲ್ಲ, ಅರ್ಧ ತುಂಬಿಸಿದೆ. ಎರಡನೇ ಕೂಗಿಗೆ ಗೋಡೆ, ಮಿಕ್ಸಿ, ಕ್ಯಾಲೆಂಡರಿನ ಲಕ್ಷ್ಮಿ ಎಲ್ಲರಿಗೂ ಗಂಜಿ ಅಭಿಷೇಕ. ಎರಡನೇ ಸಲ ಫ್ರೀಜರ್ ಉಪಾಯ. ಯಾರಿಗೂ ಹೇಳದೆ ರಾತ್ರಿ ಇಟ್ಟೆ. ಬೆಳಿಗ್ಗೆ ನೀರಿಗೆ ಹಾಕಿ, ಗಡಿಯಾರ ನೋಡಿ ಹೇಳ್ತೀನಿ, ಇಪ್ಪತ್ತೆಂಟು ನಿಮಿಷ. ಕಾಳು ಕರಗೇ ಹೋಯ್ತು. ಸಿಂಗಾಪುರದ್ದರ ಹತ್ತಿರಕ್ಕೆ ಬಂತು, ಪೂರ್ತಿ ಅಲ್ಲ. ಅಲ್ಲಿ ಎಳ್ಳಿನ ಘಮ ಇರ್ತಿತ್ತು. ನಾನು ನಮ್ಮ ಎಳ್ಳೆಣ್ಣೆ ಹಾಕಿದೆ, ದೀಪ ಕುಡಿದ ಹಾಗಾಯ್ತು.

ಎಂಟನೇ ಮಹಡಿ (ಸಿಂಗಾಪುರ)

ಅಯ್ಯೋ ಅದು ಹೇಳೋದು ಮರೆತೆ, ತಪ್ಪಾಯ್ತು. ಇಲ್ಲಿನದು ಎಳ್ಳನ್ನು ಕೆಂಪಗೆ ಹುರಿದು ತೆಗೆದ ಎಣ್ಣೆ, ಬೇಯಿಸೋಕೆ ಅಲ್ಲ, ಕೊನೆಗೆ ನಾಲ್ಕು ತೊಟ್ಟು. ಸಿಗದಿದ್ದರೆ ಎಳ್ಳು ಹುರಿದು ಕುಟ್ಟಿ ಉದುರಿಸಿ.

ಮತ್ತೆ ಆ ಕರಿದ ಉದ್ದನೆಯ ತುಂಡು ಯೂಟಿಯಾವ್. ಮೈದಾ ಕಲಸಿ ರಾತ್ರಿಯಿಡೀ ಬಿಟ್ಟು, ಎರಡು ಪಟ್ಟಿ ಒಂದರ ಮೇಲೊಂದಿಟ್ಟು ನಡುವೆ ಕಡ್ಡಿಯಿಂದ ಒತ್ತಿ ಕರೀತಾರೆ, ಅದಕ್ಕೇ ಜೋಡಿಯಾಗಿ ಉಬ್ಬೋದು. ಕ್ಯಾಂಟನ್ನಿನವರ ಬಾಯಲ್ಲಿ ಅದರ ಹೆಸರು ಎಣ್ಣೆಯಲ್ಲಿ ಕರಿದ ಪಿಶಾಚಿ. ಸೊಂಗ್ ರಾಜರ ಕಾಲದಲ್ಲಿ ಯ್ವೆ ಫೇ ಅನ್ನೋ ಸೇನಾಪತಿಯನ್ನು ಛಿನ್ ಹ್ವೇ ಅನ್ನೋ ಮಂತ್ರಿ 1142ರಲ್ಲಿ ಕೊಲ್ಲಿಸಿದ. ಜನ ಸಿಟ್ಟಿಗೆ ಮಂತ್ರಿ, ಮಂತ್ರಿಯ ಹೆಂಡತಿ ಇಬ್ಬರನ್ನೂ ಹಿಟ್ಟಲ್ಲಿ ಮಾಡಿ ಎಣ್ಣೆಗೆ ಹಾಕಿದರು ಅಂತ ಕಥೆ ಇದೆ.

ಸಾಸಿವೆ ಡಬ್ಬಿ (ಮೈಸೂರು)

ಗಂಡ ಹೆಂಡತಿನ ಜೋಡಿಯಾಗಿ ಕರಿಯೋಷ್ಟು ಪುರುಸೊತ್ತು ನನಗಿಲ್ಲ, ನಿಪ್ಪಟ್ಟು ಮುರಿದು ಹಾಕಿದೆ. ಚೆನ್ನಾಗಿಯೇ ಇತ್ತು.

ಅತ್ತೆಗೆ ಚಿಕ್ಕ ಬಟ್ಟಲಲ್ಲಿ ಕೊಟ್ಟೆ. ಎರಡು ಚಮಚ ತಿಂದು, ಇದಕ್ಕೊಂದು ಇಂಗಿನ ಒಗ್ಗರಣೆ ಬಿದ್ದಿದ್ದರೆ ಅಂದರು. ಹಾಕಿಕೊಟ್ಟೆ. ಬಟ್ಟಲು ಖಾಲಿ.

ರೈಲು ತಪ್ಪಿದವಳು (ಯೊಕೊಹಾಮಾ)

ಒಗ್ಗರಣೆ ಬಿದ್ದ ಮೇಲೆ ಅದು ಜೂಕ್ ಅಲ್ಲ.

ಕಡಲಾಚೆ ಕಂಡವ (ಉಡುಪಿ)

ಯಾಕಲ್ಲ? ಇಂಡೋನೇಷ್ಯಾದವರು ಅದರ ಮೇಲೆ ಹುರಿದ ಈರುಳ್ಳಿ, ಹಪ್ಪಳದಂಥ ಕೃಪುಕ್ ಹಾಕುವುದಿಲ್ಲವೇ? ಫಿಲಿಪ್ಪೀನ್ಸಿನವರು ಗಂಜಿಗೆ ಚಾಕೊಲೇಟ್ ಕಲಸಿ ಜೊತೆಗೆ ಒಣಮೀನು ಕಡಿಯುತ್ತಾರೆ. ಇಂಗು ಏನು ಪಾಪ ಮಾಡಿದೆ?

ಸಾಸಿವೆ ಡಬ್ಬಿ (ಮೈಸೂರು)

ಚಾಕೊಲೇಟು, ಒಣಮೀನು ಒಟ್ಟಿಗೆ ಓದಿ ಅತ್ತೆ ಕೈಮುಗಿದರು.

ಒಂದು ತೊಂದರೆ ಉಳಿದಿದೆ. ಅಳತೆ ಗೊತ್ತಾಗದೆ ಇವತ್ತು ಒಂದು ಲೋಟ ಅಕ್ಕಿ ಹಾಕಿಬಿಟ್ಟೆ. ಉಪ್ಪು ಬಿಟ್ಟು ಇನ್ನೇನೂ ಹಾಕದ ಗಂಜಿ ಅರ್ಧ ಪಾತ್ರೆ ಮಿಕ್ಕಿದೆ, ಆರಿ ಗೋಂದಿನ ಹಾಗೆ ಕೂತಿದೆ. ಬಿಸಾಡೋಕೆ ಮನಸ್ಸಿಲ್ಲ. ಏನು ಮಾಡಲಿ?

ಗಿರ್ಮಿಟ್ (ಹುಬ್ಬಳ್ಳಿ)

ಇವತ್ತ ಮೈಸೂರಾಗ ಬಿಸಲ ಅದ ಏನ್ರಿ? ಜೀರಗಿ, ಅರದ ಹಸಿಮೆಣಸಿನಕಾಯಿ, ಚೂರು ಇಂಗು ಹಾಕಿ ಒಂದು ಕುದಿ ಕುದಸ್ರಿ. ಪ್ಲಾಸ್ಟಿಕ್ ಹಾಳಿ ಮ್ಯಾಲ ಚಮಚೆಲೆ ಬಿಡಕೋತ ಹೋಗ್ರಿ. ಎರಡ ದಿನಕ್ಕ ಸಂಡಗಿ. ಕಾಗಿ ಕಾಯಾಕ ಅತ್ತಿಯವರನ್ನ ಕುಂದ್ರಸ್ರಿ.